ಬಿಳಿ ಬಿಳಿಯಾಗಿ ಬರುತ್ತಾ?

ಪೇಂಟ್ ಅಂಗಡಿಯ ಹಿಂಭಾಗದಲ್ಲಿ ಬಣ್ಣ ಬೆರೆಸುವವನಿಗೆ ಹೆತ್ತವರಿಟ್ಟ ಹೆಸರೊಂದು ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ಬೇಕಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಒಣಗಲಿ ಮೇಸ್ತ್ರಿ.

ಹೆಸರು ಬಂದದ್ದು ಅವನ ಬಾಯಿಂದಲೇ. ಗಿರಾಕಿಗಳು ಹಳೆಯ ಗೋಡೆಯಿಂದ ಕೆತ್ತಿದ ಒಂದು ಚಕ್ಕೆ ತಂದು, ಇದೇ ಬಣ್ಣ ಬೇಕು ಎನ್ನುತ್ತಿದ್ದರು. ಬಿಸಿಲಿಗೆ ಬಾಡಿದ, ಹೊಗೆ ಕುಡಿದ ಗೋಡೆಯ ಬಣ್ಣಕ್ಕೆ ಶೇಡ್ ಕಾರ್ಡಿನಲ್ಲಿ ನಂಬರು ಎಲ್ಲಿಂದ ಬರಬೇಕು? ಮೇಸ್ತ್ರಿ ಬೇಸ್ ಎಂಬ ಬಿಳಿ ಮೂಲಬಣ್ಣಕ್ಕೆ ಅದರದೊಂದು ಹನಿ, ಇದರದೊಂದು ಹನಿ ಬಿಟ್ಟು, ಕಡ್ಡಿಯಲ್ಲಿ ತಿರುವಿ, ಒಂದು ರಟ್ಟಿನ ತುಂಡಿಗೆ ಬಳಿದು, ಹಿಂದಿನ ಕಿಟಕಿಯ ತಂತಿಗೆ ಸಿಕ್ಕಿಸುತ್ತಿದ್ದ. ಗಿರಾಕಿಗೆ ಅವಸರ. ಸರಿಯಾಗಿದೆ ಬಿಡಿ, ಕಟ್ಟಿಕೊಡಿ ಎನ್ನುತ್ತಿದ್ದರು. ಇವನು ಕದಲುತ್ತಿರಲಿಲ್ಲ. ಹಸಿ ಬಣ್ಣ ಬಾಯಿಗೆ ಬಂದದ್ದು ಹೇಳುತ್ತದೆ ಎಂಬುದು ಅವನ ವಾದ. “ಒಣಗಲಿ, ಆಮೇಲೆ ಹೇಳ್ತೀನಿ” ಎಂದು ಕೈ ಒರೆಸಿಕೊಳ್ಳುತ್ತಿದ್ದ.

ಬರಬರುತ್ತಾ ಆ ಮಾತು ಅವನ ಬದುಕಿಗೇ ಅಂಟಿಕೊಂಡಿತು. ಊಟಕ್ಕೆ ಬರ್ತೀರಾ ಎಂದರೆ ಒಣಗಲಿ. ಮನೆ ಬದಲಾಯಿಸಿ ಎಂದರೆ ಒಣಗಲಿ. ವಯಸ್ಸಿದ್ದಾಗ ಅವನ ಅಣ್ಣ ಒಂದು ಮದುವೆಯ ಮಾತು ತಂದಿದ್ದನಂತೆ, ಅದಕ್ಕೂ ಇದೇ ಉತ್ತರ ಸಿಕ್ಕಿತಂತೆ. ಹೆಣ್ಣಿನ ಕಡೆಯವರು ಒಣಗುವವರೆಗೆ ಕಾಯಲಿಲ್ಲ. ಈಗ ಅಣ್ಣನೂ ಇಲ್ಲ. ಅಣ್ಣನ ಮಗ ದೂರದಲ್ಲಿದ್ದಾನೆ, ಆಗೀಗ ಫೋನಿಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಮೇಸ್ತ್ರಿಯದು ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಅಂಗಿಗಳು ಕೂರುತ್ತವೆ.

ಅಂಗಡಿಯ ಯಜಮಾನರು ಒಮ್ಮೆ ಬಣ್ಣ ಓದುವ ಯಂತ್ರ ತರಿಸಿದ್ದರು. ಅಂಗೈಯಷ್ಟು ದೊಡ್ಡದು, ಗೋಡೆಗೆ ಒತ್ತಿದರೆ ಬೀಪ್ ಎಂದು ಲೆಕ್ಕ ಹೇಳುತ್ತಿತ್ತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎತ್ತಿ, ಗಿರಾಕಿಗಳೆದುರಿಗೇ, “ಇದಕ್ಕೆ ಬಿಸಿಲು ಗೊತ್ತಾ ಯಜಮಾನ್ರೇ? ಹೊಗೆ ಗೊತ್ತಾ? ನಾನಿರೋವರೆಗೂ ಇದನ್ನ ಪೆಟ್ಟಿಗೇಲಿ ಮಲಗಿಸಿ” ಎಂದಿದ್ದ. ಎಲ್ಲರೂ ನಕ್ಕರು. ಯಂತ್ರ ಕೌಂಟರಿನ ಕೆಳಗೆ, ಬಿಲ್ಲಕ್ಕನ ಕಾಲ ಬಳಿ ಹೋಗಿ ಮಲಗಿತು. ಬಿಲ್ಲಕ್ಕ ಎಂದರೆ ಬಿಲ್ ಬರೆಯುವವಳು. ಮೇಸ್ತ್ರಿಗಿಂತ ಎಷ್ಟೋ ಚಿಕ್ಕವಳು, ಗಂಡ ಮಕ್ಕಳು ಅತ್ತೆ ಎಲ್ಲರನ್ನೂ ಸಂಭಾಳಿಸುವವಳು. ಊರಿಗೆಲ್ಲ ಅಕ್ಕನಾದದ್ದರಿಂದ ಅವನಿಗೂ ಅಕ್ಕನೇ.

ಇಂಥವನಿಗೆ ಕಣ್ಣಲ್ಲಿ ಪೊರೆ ಬಂತು.

ಆಸ್ಪತ್ರೆಗೆ ಯಾರಿಗೂ ಹೇಳದೆ ಹೋಗಿದ್ದ. ಕಣ್ಣೊಳಗೆ ದೀಪ ಬಿಟ್ಟು ನೋಡಿದ ಡಾಕ್ಟರು ಇದೇನೂ ದೊಡ್ಡ ಸಂಗತಿಯಲ್ಲ ಎಂಬ ಹಾಗೆ ಮಾತಾಡಿದರು. “ಎರಡು ಕಣ್ಣಿಗೂ ಬಂದಿದೆ. ಒಂದಾದ ಮೇಲೊಂದು ತೆಗೆದುಬಿಡೋಣ. ಈಗ ನೀವು ಹಳದಿ ಗಾಜಿನ ಹಿಂದೆ ಕೂತ ಹಾಗಿದ್ದೀರಿ, ಅಷ್ಟೆ. ಬಿಳಿ ಯಾವುದು, ಕೆನೆ ಯಾವುದು ಅಂತ ಗೊತ್ತಾಗಲ್ಲ. ಅದೇನು ಅಷ್ಟು ಮುಖ್ಯ ಅಲ್ಲ ಬಿಡಿ, ಓದೋಕೆ ತೊಂದರೆಯಾಗದಿದ್ರೆ ಆಯ್ತು.”

ಅದೇನು ಅಷ್ಟು ಮುಖ್ಯ ಅಲ್ಲವಂತೆ. ಮೇಸ್ತ್ರಿ ಅನ್ನ ತಿನ್ನುತ್ತಿದ್ದದ್ದೇ ಬಿಳಿಗೂ ಕೆನೆಗೂ ನಡುವಿನ ಆ ಕೂದಲೆಳೆಯಲ್ಲಿ. ಆದರೂ ಧೈರ್ಯ ತಂದುಕೊಂಡು ಹೊರಗೆ ಕೂತ ನರ್ಸಿನ ಬಳಿ ಹೋಗಿ, ಆಪರೇಷನ್‌ಗೆ ದಿನ ಕೇಳಿದ.

“ಜೊತೆಗೆ ಯಾರು ಬರ್ತಾರೆ? ನಿಮಗೆ ಏನಾಗ್ಬೇಕು ಅವ್ರು?” ನರ್ಸು ತಲೆಯೆತ್ತದೆ ಕೇಳಿದಳು.

“ನಾನೊಬ್ಬನೇ ಬರ್ತೀನಿ.”

“ಹಾಗಾಗಲ್ಲ. ಕಣ್ಣಿಗೆ ಪಟ್ಟಿ ಕಟ್ಟಿರ್ತೀವಿ. ಸಹಿ ಹಾಕೋಕೆ, ಮನೆಗೆ ಕರ್ಕೊಂಡು ಹೋಗೋಕೆ ಒಬ್ರು ಇರ್ಲೇಬೇಕು.”

“ಯಾರೂ ಇಲ್ಲ ಅಂದ್ರೆ?”

ಆಗ ಅವಳು ತಲೆಯೆತ್ತಿದಳು. ಕೆಟ್ಟವಳಲ್ಲ, ಹಿಂದೆ ಸಾಲು ಉದ್ದವಿತ್ತು. “ಯಾರಾದ್ರೂ ಇದ್ದೇ ಇರ್ತಾರೆ. ಯೋಚನೆ ಮಾಡಿ ಬನ್ನಿ” ಎಂದು ಮುಂದಿನವರನ್ನು ಕರೆದಳು.

ಯೋಚನೆ ಮಾಡುತ್ತಲೇ ಮನೆಯವರೆಗೆ ನಡೆದ. ಅಣ್ಣನ ಮಗನನ್ನು ಕೇಳಿದರೆ ಇನ್ನೊಂದು ಹೆಬ್ಬೆರಳು ಬರುತ್ತದೆ. ಎದುರು ಬಾಗಿಲಿನವನ ಚಪ್ಪಲಿಯ ಪರಿಚಯ ಉಂಟು, ಮುಖದ್ದಿಲ್ಲ. ಯಜಮಾನರಿಗೆ ಹೇಳಿದರೆ ಪಾಪ, ರಜೆ ಕೊಡುತ್ತಾರೆ. ರಜೆ ಕೊಟ್ಟ ದಿನವೇ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಎದ್ದು ಕೂರುತ್ತದೆ. ಬಿಲ್ಲಕ್ಕನಿಗೆ ಹೇಳುವುದೂ ಒಂದೇ, ಅಂಗಡಿಯ ಬಾಗಿಲ ಮೇಲೆ ಬೋರ್ಡು ಹಾಕುವುದೂ ಒಂದೇ ಎಂದು ತನಗೆ ತಾನೇ ತೀರ್ಮಾನಿಸಿಕೊಂಡ. ಹೀಗೆ ಒಬ್ಬೊಬ್ಬರನ್ನೇ ಅಳಿಸುತ್ತಾ ಬಂದವನಿಗೆ ತನ್ನ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅಳಿಸಲಿಕ್ಕೂ ಯಾರೂ ಉಳಿದಿರಲಿಲ್ಲ. ಅಂದು ಅವನು ಅಡುಗೆ ಮಾಡಲಿಲ್ಲ. ಕುರ್ಚಿಯ ಮೇಲಿನ ಅಂಗಿಗಳನ್ನು ಸುಮ್ಮನೆ ಮಡಚಿ, ಮತ್ತೆ ಅಲ್ಲೇ ಇಟ್ಟ.

ಕ್ಯಾಮೆರಾದ ಯೋಚನೆ ಹೊಳೆದದ್ದು ಆಮೇಲೆ. ಗಿರಾಕಿಯ ಚಕ್ಕೆ, ತಾನು ಬಳಿದ ರಟ್ಟು, ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದು, ದೊಡ್ಡದು ಮಾಡಿ ನೋಡಿದರೆ ವ್ಯತ್ಯಾಸ ಎಲ್ಲಿ ಅಡಗೀತು? ತನ್ನ ಕಣ್ಣಿಗೆ ಪೊರೆ ಬಂದರೇನು, ಯಂತ್ರದ ಕಣ್ಣಿಗೆ ಬರುತ್ತದೆಯೇ? ಈ ಯೋಚನೆಯಲ್ಲಿ ಒಂದು ದೊಡ್ಡ ತೂತಿತ್ತು. ಕೇಳುತ್ತಿರುವ ನಿಮಗೆ ಆಗಲೇ ಕಂಡಿರಬಹುದು. ಅವನಿಗೆ ಕಾಣಲಿಲ್ಲ. ಕಾಣದಿರುವುದೇ ಅವನ ಕಷ್ಟವಾಗಿತ್ತಲ್ಲ.

ಫೋನಿನ ಕ್ಯಾಮೆರಾದಲ್ಲಿ ಮೊದಲು ಪ್ರಯತ್ನಪಟ್ಟ. ಅದು ಕಂಡದ್ದನ್ನೆಲ್ಲ ಸಿಂಗರಿಸಿ ತೋರಿಸುತ್ತದೆ, ಕೊಳಕು ಗೋಡೆಯೂ ಅದರಲ್ಲಿ ಹೊಸದಾಗಿ ಬಣ್ಣ ಬಳಿದಂತಿರುತ್ತದೆ, ನಂಬಲಿಕ್ಕಾಗದು. ಸರಿಯಾದ ಕ್ಯಾಮೆರಾವೇ ಬೇಕು. ಅಂಗಡಿಯ ಹಿಂಭಾಗದಲ್ಲಿ ಬೆಳಕು ಕಡಿಮೆ. ಫುಲ್ ಫ್ರೇಮ್ ಎಂಬ ಜಾತಿಯದರಲ್ಲಿ ಒಳಗಿನ ಸೆನ್ಸರ್ ದೊಡ್ಡದಂತೆ, ಮಬ್ಬು ಬೆಳಕಿನಲ್ಲೂ ಬಣ್ಣ ಕೆಡದಂತೆ. ಮಿರರ್‌ಲೆಸ್ ಆದರೆ ಒಳಗೆ ಕನ್ನಡಿ ಇರುವುದಿಲ್ಲ, ಹಾಗಾಗಿ ಸದ್ದೂ ಕಡಿಮೆ, ಗಾತ್ರವೂ ಕಡಿಮೆ. ಅದರಲ್ಲೂ ಅಂಗಿಯ ಜೇಬಿಗಲ್ಲದಿದ್ದರೆ ಕೆಲಸದ ಏಪ್ರನ್ನಿನ ಜೇಬಿಗಾದರೂ ಹಿಡಿಸಬೇಕು, ಯಾರ ಕಣ್ಣಿಗೂ ಬೀಳಬಾರದು. ಇಷ್ಟು ಅವನು ಅಲ್ಲಿ ಇಲ್ಲಿ ಓದಿ ತಿಳಿದ. ಮುಂದೆ ಯಾವುದು ಕೊಳ್ಳಬೇಕು ಎಂದಾಗ ಕೈಕಟ್ಟಿತು. ಅಂಗಡಿಗೆ ಹೋಗಿ ಫೋಟೋಗಳನ್ನು ನೋಡಿ ಆರಿಸೋಣವೆಂದರೆ, ನೋಡಬೇಕಾದದ್ದು ಆ ಕಣ್ಣೇ. ಹುಟ್ಟಿದಾಗಿನಿಂದ ಬಣ್ಣದ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳದಿದ್ದವನು ಈಗ ಕೊಂಡವರ ಅಭಿಪ್ರಾಯವನ್ನೇ ನೆಚ್ಚಬೇಕಾಯಿತು.

ಅಂತರ್ಜಾಲದಲ್ಲಿ ಅದಕ್ಕೆಂದೇ ಒಂದು ತಾಣವಿತ್ತು, ಕೊಂಡವರ ಕಟ್ಟೆ ಎಂದು ಹೆಸರು. ಚಿಕ್ಕ ಫುಲ್ ಫ್ರೇಮ್ ಕ್ಯಾಮೆರಾ ಕೊಂಡವರು ಅಲ್ಲಿ ಸೇರಿ ಹೊಗಳುತ್ತಿದ್ದರು, ಗೋಳಾಡುತ್ತಿದ್ದರು, ಜಗಳ ಕಾಯುತ್ತಿದ್ದರು. ಮೇಸ್ತ್ರಿ ‘ಒಣಗಲಿ’ ಎಂದೇ ಹೆಸರು ಕೊಟ್ಟು ಒಳಗೆ ಹೋದ. ಒಳಗೆ ಎರಡು ಪಕ್ಷ. ಕ್ಯಾಮೆರಾದ ನೆತ್ತಿಯಲ್ಲಿ, ಕಣ್ಣಿಟ್ಟು ನೋಡಲಿಕ್ಕೆಂದು ಗುಬುಟು ಇರುವ ಮಾದರಿಯವರು ಗೂನು ಪಕ್ಷ. ಗುಬುಟಿಲ್ಲದೆ ಇಟ್ಟಿಗೆಯ ಹಾಗೆ ಸಪಾಟಾಗಿರುವ ಮಾದರಿಯವರು ಚಪ್ಪಟೆ ಪಕ್ಷ. ಗೂನಿನವರು ಚಪ್ಪಟೆಯವರನ್ನು ಸಾಬೂನು ಡಬ್ಬಿ ಹಿಡಿದವರು ಎಂದು ಹಂಗಿಸಿದರೆ, ಚಪ್ಪಟೆಯವರು ಗೂನಿನವರಿಗೆ ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ ಎನ್ನುತ್ತಿದ್ದರು.

ಅಭಿಪ್ರಾಯಗಳೋ, ಓದಿದಷ್ಟೂ ಇದ್ದವು. ಹಿಡಿತ ಸಾಲದು, ಕಿರುಬೆರಳು ಅನಾಥವಾಗಿ ಗಾಳಿಯಲ್ಲಿ ಜೋತಾಡುತ್ತದೆ ಎಂದು ಒಬ್ಬ. ಕ್ಯಾಮೆರಾ ಚಿಕ್ಕದೇ ಸರಿ, ಲೆನ್ಸ್ ಸಿಕ್ಕಿಸಿದ ಮೇಲೆ ಮೂಗು ಎಲ್ಲಿ ಮುಚ್ಚಿಡಲಿ ಎಂದು ಇನ್ನೊಬ್ಬ. ಮೆನು ಒಳಗೆ ಹೋದವನು ಇನ್ನೂ ಹೊರಗೆ ಬಂದಿಲ್ಲ ಎಂದು ಮತ್ತೊಬ್ಬ. ಹೆಂಡತಿಗೆ ಇದು ಹಳೆಯದೇ ಅಂತ ಹೇಳಬೇಕು, ದಯವಿಟ್ಟು ಯಾರೂ ಬೆಳ್ಳಿ ಬಣ್ಣದ್ದನ್ನು ಹೊಗಳಿ ಆಸೆ ಹುಟ್ಟಿಸಬೇಡಿ, ನನ್ನ ಹಳೆಯದು ಕಪ್ಪು ಎಂದು ಒಬ್ಬ ಗೋಗರೆದಿದ್ದ. ಮೇಸ್ತ್ರಿ ಬಣ್ಣ ಒಣಗುವ ಹೊತ್ತಿನಲ್ಲಿ ಡಬ್ಬಿಗಳ ಮರೆಯಲ್ಲಿ ನಿಂತು ಓದಿ ಓದಿ ನಗುತ್ತಿದ್ದ. ಎಷ್ಟೋ ಕಾಲದ ಮೇಲೆ ನಗುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಕೌಂಟರಿನಲ್ಲಿದ್ದ ಬಿಲ್ಲಕ್ಕನ ಗಮನಕ್ಕೆ ಬಂತು.

ಅವನು ಕೇಳಿದ ಪ್ರಶ್ನೆ ಮಾತ್ರ ಯಾರೂ ಕೇಳದ ಪ್ರಶ್ನೆ. “ಬಿಳಿ ಬಿಳಿಯಾಗಿ ಬರುತ್ತಾ? ಕೆನೆ ಬಣ್ಣದ ಪಕ್ಕದಲ್ಲಿಟ್ಟರೆ ಬೇರೆಯಾಗಿ ಕಾಣುತ್ತಾ?” ಮುಖ ಹೇಗೆ ಬರುತ್ತದೆ, ಆಕಾಶ ಹೇಗೆ ಬರುತ್ತದೆ ಎಂದು ಹೇಳುವವರು ಬೇಕಾದಷ್ಟಿದ್ದರು. ಬಿಳಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಉತ್ತರ ಕೊಟ್ಟವಳು ಒಬ್ಬಳೇ. ಅವಳು ಇಟ್ಟುಕೊಂಡ ಹೆಸರು ‘ಎರಡನೇ ಬ್ಯಾಟರಿ’. ಈ ಚಿಕ್ಕ ಕ್ಯಾಮೆರಾಗಳ ಬ್ಯಾಟರಿ ಅರ್ಧ ದಾರಿಯಲ್ಲಿ ಕೈಕೊಡುತ್ತದೆ, ಎರಡನೆಯದು ಜೊತೆಗಿರಲೇಬೇಕು ಎಂದು ಬಂದವರಿಗೆಲ್ಲ ಹೇಳಿ ಹೇಳಿ ಆ ಹೆಸರು ಅಂಟಿತ್ತು. ಗೂನು ಪಕ್ಷದವರು ಮುತ್ತಿದಾಗ, “ಈ ಹೊತ್ತಲ್ಲಿ ಇಲ್ಲಿರೋ ಚಪ್ಪಟೆಯವಳು ನಾನೊಬ್ಬಳೇ, ಆದ್ರೂ ಬಗ್ಗಲ್ಲ” ಎಂದು ಬರೆದಿದ್ದಳು. ಮೇಸ್ತ್ರಿಗೆ ಆ ಮಾತು ಹಿಡಿಸಿತು.

ಅಂದಿನಿಂದ ದಿನಕ್ಕೊಂದು ಪ್ರಶ್ನೆ. ಏಪ್ರನ್ ಜೇಬಿಗೆ ಹಿಡಿಸುತ್ತಾ? ಹಿಡಿಸುತ್ತೆ, ಉದ್ದ ಮೂಗಿನ ಲೆನ್ಸ್ ಹಾಕಬೇಡಿ. ಸದ್ದು ಬರುತ್ತಾ? ಸದ್ದಿಲ್ಲದೆ ತೆಗೆಯೋ ಹಾಗೆ ಮಾಡಬಹುದು, ನನ್ನ ಬೆಕ್ಕಿಗೂ ಗೊತ್ತಾಗಲ್ಲ. ಹಿಡಿತ ಸಾಲದಿದ್ದರೆ? ಕಿರುಬೆರಳನ್ನ ಕೆಳಗೆ ಮಡಚಿ, ಅದರ ಮೇಲೆ ಕೂರಿಸಿಕೊಳ್ಳಿ. ಒಂದೊಂದು ಸಲ ಪ್ರಶ್ನೆ ಏನೂ ಇರುತ್ತಿರಲಿಲ್ಲ, ಹುಟ್ಟಿಸಿಕೊಳ್ಳುತ್ತಿದ್ದ. ಅವಳೂ ಒಮ್ಮೆಯೂ ಬೇಸರಿಸಲಿಲ್ಲ. “ನಿಧಾನ ಆಗ್ಲಿ, ಕೇಳ್ತಾ ಇರಿ. ತಗೊಂಡ ಮೇಲೆ ಯಾರೂ ಈ ಕಡೆ ತಿರುಗಿ ನೋಡಲ್ಲ” ಎಂದಳು. ಸಂಜೆ ಮನೆಯ ಬೀಗ ತೆಗೆಯುವಾಗ ಮೇಸ್ತ್ರಿಗೆ ಈಗ ಒಂದು ಆತುರವಿರುತ್ತಿತ್ತು.

ಒಂದು ದಿನ ಅವಳು ಅವನಿಗೆಂದೇ ಒಂದು ಫೋಟೋ ತೆಗೆದು ಹಾಕಿದಳು. ಮಹಡಿಯ ಮೇಲೆ ಹಗ್ಗ, ಹಗ್ಗದ ಮೇಲೆ ಒಗೆದು ಹರವಿದ ಬಿಳಿ ಬೆಡ್‌ಶೀಟು, ಹಿಂದೆ ಗೋಡೆ. “ಒಣಗಲಿಯವರೇ, ನಿಮ್ಮ ಬಿಳಿ ಇಲ್ಲಿದೆ. ಹಿಂದಿನ ಗೋಡೆ ಕೆನೆ ಬಣ್ಣದ್ದು. ಎಷ್ಟು ಬೇರೆಯಾಗಿ ಬಂದಿದೆ ನೋಡಿ. ಮೋಡ ಇತ್ತು, ಬೆಳಕೂ ಕಡಿಮೆ.”

ಮೇಸ್ತ್ರಿ ನೋಡಿದ. ದೊಡ್ಡದು ಮಾಡಿ ನೋಡಿದ. ಫೋನನ್ನು ಕಿಟಕಿಯ ಬಳಿ ಒಯ್ದು ನೋಡಿದ. ಬೆಡ್‌ಶೀಟಿಗೂ ಗೋಡೆಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅವನೊಳಗಿನ ಹಳೆಯ ಗತ್ತು ಹೆಡೆಯೆತ್ತಿತು. “ಕ್ಷಮಿಸಿ. ಎರಡೂ ಒಂದೇ ಬಣ್ಣ ಬಂದಿದೆ. ಈ ಕ್ಯಾಮೆರಾಗೆ ಬಿಳಿ ಗೊತ್ತಿಲ್ಲ. ಬಣ್ಣದಲ್ಲೇ ತಲೆ ನರೆತವನು ಹೇಳ್ತಿದ್ದೀನಿ” ಎಂದು ಎಲ್ಲರೂ ಓದುವ ಹಾಗೆ ಬರೆದುಬಿಟ್ಟ.

ಕಟ್ಟೆಯವರು ಬಿಡುತ್ತಾರೆಯೇ? ಜನ್ಮದಲ್ಲಿ ಒಂದಾಗದ ಗೂನಿನವರೂ ಚಪ್ಪಟೆಯವರೂ ಆ ದಿನ ಒಂದಾದರು. ಕಣ್ಣಿದ್ದವರಿಗೆ ಕಾಣುತ್ತದೆ ಎಂದರು. ಬಿಳಿ ಅಷ್ಟು ಬಿಳಿಯಾಗಿದೆ, ನೀಲಿ ಹೊಡೆಯುತ್ತಿದೆ ಎಂದರು. ಒಣಗಲಿಯವರು ಮೊದಲು ಫೋನ್ ಒರೆಸಿಕೊಳ್ಳಲಿ ಎಂದು ಕಾಲೆಳೆದರು. ಅವಳು ಮಾತ್ರ ಎಲ್ಲರೆದುರು ಏನೂ ಹೇಳದೆ ಅವನೊಬ್ಬನಿಗೇ ಬರೆದಳು. “ಕೋಪ ಮಾಡ್ಕೋಬೇಡಿ. ಗೋಡೆ ನಾನೇ ಬಳಿದದ್ದು, ಕೆನೆ. ಬೆಡ್‌ಶೀಟ್ ನಾನೇ ಒಗೆದದ್ದು, ಬಿಳಿ. ಫೋಟೋದಲ್ಲಿ ಬೇರೆಯಾಗೇ ಇದೆ. ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಒಮ್ಮೆ ಕಣ್ಣು ತೋರಿಸ್ಕೊಳ್ಳಿ. ಕ್ಯಾಮೆರಾ ಸರಿಯಾಗೇ ನೋಡುತ್ತೆ, ಆದ್ರೆ ಅದು ತೋರಿಸಿದ್ದನ್ನ ನಾವೇ ನೋಡ್ಬೇಕಲ್ವಾ?”

ಓದಿದವನು ಫೋನನ್ನು ಬೋರಲು ಮಲಗಿಸಿದ. ಯಾರಿಗೂ ತಿಳಿಯದಿರಲಿ ಎಂದು ಇಷ್ಟೆಲ್ಲ ಸುತ್ತು ಬಳಸಿ ಬಂದರೆ, ಮುಖವೇ ನೋಡದವಳು ಕೂತಲ್ಲಿಂದಲೇ ಕಂಡುಹಿಡಿದಿದ್ದಳು. ಉತ್ತರ ಬರೆಯಲಿಲ್ಲ. ಆಮೇಲೆ ಕಟ್ಟೆಯ ಕಡೆಗೂ ಹೋಗಲಿಲ್ಲ. ಮನೆಗೆ ಬಂದರೆ ನಲ್ಲಿಯ ಸದ್ದು, ಅಂಗಿ ಹೊತ್ತ ಕುರ್ಚಿ. ಮುಂಚೆಯೂ ಇದೇ ಇತ್ತು, ಆದರೆ ಇಷ್ಟು ಭಾರವಿರಲಿಲ್ಲ.

ಅದೇ ವಾರ ಬೀದಿಯ ದರ್ಜಿ ಅಂಗಡಿಗೆ ಬಂದ. ತನ್ನ ಅಂಗಡಿಯ ಗೋಡೆಯಲ್ಲಿ ಮೊಳೆ ಕಿತ್ತ ಜಾಗಗಳಿಗೆ ತೇಪೆ ಹಾಕಲು ಮೇಸ್ತ್ರಿಯಿಂದ ಬಿಳಿ ಬೆರೆಸಿಸಿಕೊಂಡು ಹೋಗಿದ್ದ. ಈಗ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ತುಂಬಾ ಸಂಕೋಚದಿಂದ, “ಮೇಸ್ತ್ರಿಗಳೇ, ಬಿಳಿ ಗೋಡೆ ಮೇಲೆ ಬೆಣ್ಣೆ ಬಳಿದ ಹಾಗೆ ಕಾಣ್ತಿದೆ. ಒಣಗೋವರೆಗೂ ಕಾದೆ. ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದ. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅವನು ತಪ್ಪನ್ನು ತನ್ನ ಮೇಲೇ ಹಾಕಿಕೊಂಡದ್ದು ಮೇಸ್ತ್ರಿಗೆ ನುಂಗಲಾರದ ತುತ್ತಾಯಿತು. ಯಜಮಾನರು ನಕ್ಕು, ಡಬ್ಬಿ ಹಳೆಯದಿರಬೇಕು, ಬೇರೆ ಕೊಡಿಸೋಣ ಎಂದರು. ನಗುತ್ತಲೇ ಅವರ ಕಣ್ಣು ಒಂದು ಗಳಿಗೆ ಕೌಂಟರಿನ ಕೆಳಗೆ ಹೋಗಿ ಬಂತು. ಮೇಸ್ತ್ರಿಗೆ ಪೊರೆಯಿದ್ದರೂ ಅದು ಕಂಡಿತು.

ಮರುದಿನ ಮಧ್ಯಾಹ್ನ ಅವನು ಕ್ಯಾಮೆರಾ ಅಂಗಡಿಗೆ ಹೋದ. ಅಲ್ಲಿದ್ದವನು ಗೂನಿನದನ್ನು ಎತ್ತಿ ಹೊಗಳತೊಡಗಿದ. “ಚಪ್ಪಟೆಯದ್ದು ಕೊಡಿ. ಚಿಕ್ಕ ಮೂಗಿನ ಲೆನ್ಸು. ಎರಡನೇ ಬ್ಯಾಟರಿ ಒಂದು ಬೇಕು, ಕಂಪನಿಯದ್ದೇ” ಎಂದ ಮೇಸ್ತ್ರಿ, ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ. ನೋಡಿ ಇವನ ವರಸೆ. ಕಣ್ಣಿನ ವಿಷಯದಲ್ಲಿ ಅವಳ ಮಾತು ಬೇಡ, ಕ್ಯಾಮೆರಾದ ವಿಷಯದಲ್ಲಿ ಅವಳ ಮಾತು ಬಿಟ್ಟು ಬೇರೆ ಬೇಡ.

ದರ್ಜಿಯ ಬಿಳಿಯನ್ನು ಹೊಸದಾಗಿ ಬೆರೆಸಿದ. ಬಳಿದ, ಒಣಗಿಸಿದ. ಗಿರಾಕಿಗಳಿಲ್ಲದ ಹೊತ್ತು ನೋಡಿ, ಕಿಟಕಿಯ ಹಲಗೆಯ ಮೇಲೆ ಚಕ್ಕೆಯನ್ನೂ ರಟ್ಟನ್ನೂ ಪಕ್ಕಪಕ್ಕ ಇಟ್ಟು, ಕಿರುಬೆರಳನ್ನು ಕೆಳಗೆ ಮಡಚಿ, ಸದ್ದಿಲ್ಲದೆ ಒಂದು ಫೋಟೋ ತೆಗೆದ. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ. ಎರಡೂ ಒಂದೇ. ಅಬ್ಬಾ ಎಂದು ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಣ್ಣು ಹೋದರೆ ಹೋಗಲಿ, ಉಪಾಯ ಕೈಹಿಡಿಯಿತು ಎಂದುಕೊಂಡ.

“ಯಾಕೆ ಮೇಸ್ತ್ರಿಗಳೇ, ಎರಡು ಬೇರೆ ಬೇರೆ ಶೇಡ್ ಇಟ್ಟು ಫೋಟೋ ತೆಗೆದಿದ್ದೀರಿ? ಗಿರಾಕಿಗೆ ವ್ಯತ್ಯಾಸ ತೋರಿಸೋಕಾ?”

ಬಿಲ್ಲಕ್ಕ ಟೀ ಲೋಟ ಹಿಡಿದು ಹಿಂದೆ ನಿಂತಿದ್ದಳು. ಪರದೆಯ ಮೇಲೆ ಬೆರಳಿಟ್ಟು, “ಇದು ಬಿಳಿ, ಇದು ಕೆನೆ. ಚೆನ್ನಾಗಿ ಬಂದಿದೆ ಕ್ಯಾಮೆರಾದಲ್ಲಿ” ಎಂದಳು.

ಮೇಸ್ತ್ರಿ ಪರದೆಯನ್ನೇ ನೋಡಿದ. ಆ ಬೆರಳಿನ ಎಡಕ್ಕೆ, ಬಲಕ್ಕೆ. ಎಷ್ಟು ನೋಡಿದರೂ ಒಂದೇ. ಎರಡನೇ ಬ್ಯಾಟರಿ ಹೇಳಿದ ಮಾತು ಆಗ ಅವನ ತಲೆಗೆ ಇಳಿಯಿತು. ಬೇಸ್ ತುಂಬಿದ ಡ್ರಮ್ಮಿನ ಮೇಲೆ ಕುಳಿತುಬಿಟ್ಟ.

“ಕಾಣ್ತಿಲ್ಲ ಅಲ್ವಾ?” ಬಿಲ್ಲಕ್ಕ ಮೆಲ್ಲಗೆ ಕೇಳಿದಳು.

“ನಿಂಗೆ ಯಾವಾಗಿಂದ ಗೊತ್ತು?”

“ನೀವು ಡಬ್ಬಿ ಮೇಲಿನ ಚೀಟಿನ ಮೂಗಿಗೆ ಹಿಡ್ಕೊಂಡು ಓದೋಕೆ ಶುರು ಮಾಡಿದಾಗಿಂದ.”

“ಹೇಳ್ಬಾರದಿತ್ತಾ?”

“ನೀವು ಕೇಳ್ಬಾರದಿತ್ತಾ?” ಅವಳ ದನಿ ಸ್ವಲ್ಪ ಗಡುಸಾಯಿತು. “ದಿನಾ ಆ ಫೋನಲ್ಲಿ ಅದ್ಯಾರ್ಯಾರನ್ನೋ ಏನೇನೋ ಕೇಳ್ತಿರ್ತೀರಿ. ನಗ್ತಿರ್ತೀರಿ. ಇಲ್ಲೇ ಹತ್ತು ಹೆಜ್ಜೆ ಆಚೆ ಕೂತಿರೋಳನ್ನ ಒಂದು ದಿನ ಕೇಳಿದ್ರಾ, ಬಿಲ್ಲಕ್ಕ ಇದೇನು ಬಿಳಿನಾ ಅಂತ? ನಾನೇನು ಯಜಮಾನ್ರಿಗೆ ಚಾಡಿ ಹೇಳ್ತಿದ್ನಾ? ಇಷ್ಟು ದಿನ ಹೇಳಿದ್ನಾ?”

ಟೀ ಆರುತ್ತಿತ್ತು. ಹೊರಗೆ ಡಬ್ಬಿ ಕುಲುಕುವ ಯಂತ್ರ ಗಡಗಡ ಎನ್ನುತ್ತಿತ್ತು. ಅದು ನಿಲ್ಲಲಿ, ಆಮೇಲೆ ಹೇಳೋಣ ಎಂದುಕೊಂಡ. ನಿಂತಿತು. ಆಸ್ಪತ್ರೆಯ ಬಾಗಿಲಿನಿಂದ ಅಂದು ಹೊತ್ತು ತಂದ ಮಾತು ಇನ್ನೂ ಒಳಗೇ ಇತ್ತು. ಇಷ್ಟು ವಯಸ್ಸಾದ ಗಂಡಸು ಹೇಳುವ ಮಾತೇ ಅದು ಎಂದು ನಾಚಿಕೆಯೂ ಆಗುತ್ತಿತ್ತು.

“ಆಪರೇಷನ್ ಮಾಡಿದ್ರೆ ಸರಿಹೋಗುತ್ತಂತೆ” ಎಂದ ಕೊನೆಗೆ. “ಆದ್ರೆ ಜೊತೆಗೆ ಒಬ್ರು ಬೇಕಂತೆ. ನಂಗೆ ಯಾರೂ ಇಲ್ಲ.”

ಬಿಲ್ಲಕ್ಕ ಅಯ್ಯೋ ಪಾಪ ಎನ್ನಲಿಲ್ಲ. ಅಂದಿದ್ದರೆ ಅವನು ಎದ್ದು ಹೋಗುತ್ತಿದ್ದ. “ಯಾವತ್ತು?” ಎಂದಳು, ಅಷ್ಟೆ. ಆಮೇಲೆ ದರ್ಜಿಯ ಚಕ್ಕೆಯ ಪಕ್ಕದಲ್ಲಿದ್ದ ರಟ್ಟನ್ನು ಎತ್ತಿಕೊಂಡು, “ಇದಕ್ಕೆ ಹಳದಿ ಜಾಸ್ತಿಯಾಗಿದೆ, ನಾನು ನಿಂತು ನೋಡ್ತೀನಿ, ನೀವು ಬೆರೆಸಿ” ಎಂದಳು.

ಆಸ್ಪತ್ರೆಯಲ್ಲಿ ಅದೇ ನರ್ಸು, ಅದೇ ಉದ್ದದ ಸಾಲು. “ಜೊತೆಗೆ ಬಂದಿರೋದು ಇವ್ರಾ? ನಿಮಗೆ ಏನಾಗ್ಬೇಕು?” ಎಂದಳು.

ಮೇಸ್ತ್ರಿಗೆ ಬಾಯಿಗೆ ಬಂದದ್ದು ಒಂದೇ ಮಾತು. “ಅಕ್ಕ.”

ನರ್ಸು ತಲೆಯೆತ್ತಿ ಅವನ ನರೆತ ಮೀಸೆಯನ್ನು ನೋಡಿದಳು, ಬಿಲ್ಲಕ್ಕನನ್ನು ನೋಡಿದಳು. “ಅಕ್ಕ?”

“ಊರಿಗೆಲ್ಲ ಅಕ್ಕ, ಹಾಗಂತ” ಎಂದು ಅವನು ಇನ್ನಷ್ಟು ಕೆಡಿಸಿದ.

“ಸಂಬಂಧ ಬರೀಬೇಕು ಅಮ್ಮ.”

“ಸದ್ಯಕ್ಕೆ ಸಂಬಂಧಿ ಅಂತ ಬರ್ಕೊಳ್ಳಿ ಸಿಸ್ಟರ್” ಎಂದಳು ಬಿಲ್ಲಕ್ಕ, ಪೆನ್ನಿಗೆ ಕೈಚಾಚುತ್ತಾ. “ಏನು ಸಂಬಂಧ ಅಂತ ಒಣಗಿದ ಮೇಲೆ ಹೇಳ್ತೀವಿ.”

ನರ್ಸಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕಣ್ಣಾಸ್ಪತ್ರೆಯಾದ್ದರಿಂದ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ.

ಸಂಜೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅವನನ್ನು ಬಿಲ್ಲಕ್ಕ ಮನೆಗೆ ಮುಟ್ಟಿಸಿ, ಅಂಗಿಗಳನ್ನು ಎತ್ತಿ ಮಂಚದ ಮೇಲೆ ಹಾಕಿ ಎರಡನೇ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು, ಕಣ್ಣು ಉಜ್ಜಬೇಡಿ ಎಂದು ಎಚ್ಚರಿಸಿ ಹೊರಟಳು. ಅವಳ ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಕೋಣೆ ಎಂದಿನಂತೆಯೇ ಆಯಿತು. ಕುರ್ಚಿ ಮಾತ್ರ ಖಾಲಿಯಿತ್ತು. ಅಂಗಿಗಳನ್ನು ಅವನು ಅದರ ಮೇಲೆ ಮತ್ತೆ ಹಾಕಲಿಲ್ಲ.

ಮರುದಿನ ಒಬ್ಬನೇ ಹೋಗಿ ಪಟ್ಟಿ ಬಿಚ್ಚಿಸಿಕೊಂಡು ಬಂದ. ಕಪ್ಪು ಕನ್ನಡಕ ತೆಗೆದು ತನ್ನ ಕೋಣೆಯ ಗೋಡೆ ನೋಡಿದ. ಹೋದ ವರ್ಷ ತಾನೇ ಬೆರೆಸಿ ಬಳಿದ ಬಿಳಿ, ಅಪ್ಪಟ ಬೆಣ್ಣೆಯಾಗಿತ್ತು. ನಕ್ಕ. ಹಳೆಯ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹೊಸ ಕಣ್ಣೊಂದರಿಂದಲೇ ಫೋನಿನಲ್ಲಿ ಕಟ್ಟೆಗೆ ಹೋಗಿ, ಆ ಬೆಡ್‌ಶೀಟಿನ ಫೋಟೋ ತೆರೆದ.

ಬಿಳಿ ಬಿಳಿಯಾಗಿಯೇ ಇತ್ತು. ಮಡಿಕೆಗಳಲ್ಲಿ ತೆಳ್ಳಗೆ ನೀಲಿಯೂ ಇತ್ತು. ಹಿಂದಿನ ಕೆನೆ ಗೋಡೆ ದೂರ ಸರಿದು ನಿಂತಂತಿತ್ತು. ಅವಳು ಹೇಳಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೋಡುತ್ತಾ ನೋಡುತ್ತಾ ಅವನಿಗೆ ಇನ್ನೊಂದು ಕಂಡಿತು. ಅಂದು ಬಣ್ಣದ ಗಲಾಟೆಯಲ್ಲಿ ಅದನ್ನು ಅವನೂ ನೋಡಿರಲಿಲ್ಲ, ಕಟ್ಟೆಯವರು ಒಬ್ಬರೂ ನೋಡಿರಲಿಲ್ಲ. ಹಗ್ಗ ಬಹಳ ಉದ್ದವಿತ್ತು, ಮಹಡಿಯ ಆ ತುದಿಯಿಂದ ಈ ತುದಿಗೆ. ಅದರ ಮೇಲೆ ಒಂದು ಬೆಡ್‌ಶೀಟು, ಒಂದು ದಿಂಬಿನ ಕವರು, ಒಂದು ಟವೆಲು. ಮಿಕ್ಕ ಹಗ್ಗವೆಲ್ಲ ಖಾಲಿ. ಅವನ ಮನೆಯ ಹಗ್ಗವೂ ಭಾನುವಾರ ಹೀಗೇ ಇರುತ್ತಿತ್ತು.

ಬಹಳ ಹೊತ್ತು ಆ ಖಾಲಿ ಹಗ್ಗವನ್ನು ನೋಡುತ್ತಾ ಕುಳಿತಿದ್ದ. ಆಮೇಲೆ ಎಲ್ಲರೂ ಓದುವ ಹಾಗೆ ಬರೆದ. “ತಪ್ಪು ನನ್ನದು. ಬಿಳಿ ಬಿಳಿಯಾಗಿ ಬಂದಿದೆ. ಪೊರೆ ಇದ್ದದ್ದು ನನ್ನ ಕಣ್ಣಲ್ಲಿ. ಒಂದು ತೆಗೆಸಿದ್ದೀನಿ. ಚಪ್ಪಟೆಯದ್ದೇ ತಗೊಂಡೆ.”

ಚಪ್ಪಟೆಯವರು ಹಿಗ್ಗಿದರು, ಗೂನಿನವರು ಇನ್ನೊಂದು ಕಣ್ಣಿನದ್ದೂ ತೆಗೆಸಿ ಬನ್ನಿ, ಆಗ ಗೂನು ಕಾಣುತ್ತೆ ಎಂದರು. ಅವಳ ಉತ್ತರ ಅವನೊಬ್ಬನಿಗೇ ಬಂತು. “ತುಂಬಾ ಸಂತೋಷ ಆಯ್ತು. ದಿನಾ ನೋಡ್ತಿದ್ದೆ, ನೀವು ಬಂದ್ರಾ ಅಂತ. ಕ್ಯಾಮೆರಾ ಚೆನ್ನಾಗಿ ನೋಡ್ಕೊಳ್ಳಿ. ಇನ್ನು ನಿಮಗೆ ಇಲ್ಲೇನೂ ಕೆಲಸ ಇಲ್ಲ ಬಿಡಿ.”

ಮೇಸ್ತ್ರಿ ಅದನ್ನು ಎರಡು ಸಲ ಓದಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದ. “ಎರಡನೇ ಬ್ಯಾಟರಿ ಯಾವುದು ತಗೊಂಡ್ರೆ ಒಳ್ಳೇದು? ನಂಗೆ ಇದೆಲ್ಲ ಬೇಗ ತಿಳಿಯಲ್ಲ, ಸ್ವಲ್ಪ ವಿವರವಾಗಿ ಹೇಳಿ. ಆತುರ ಏನೂ ಇಲ್ಲ.”

ಅವಳು ಹೇಳಿದ ಬ್ಯಾಟರಿಯೇ ಮೇಜಿನ ಮೇಲೆ ಕ್ಯಾಮೆರಾದ ಪಕ್ಕದಲ್ಲಿತ್ತು. ಅದನ್ನು ಎತ್ತಿ ಡ್ರಾಯರಿನೊಳಗಿಟ್ಟು, ಉತ್ತರಕ್ಕಾಗಿ ಕಾಯುತ್ತಾ ಕುಳಿತ.